ಕಷ್ಟಕಾಲದಲ್ಲಿ ಲಿಂಗನಿಷ್ಠೆ : ಕಲ್ಯಾಣದ ನಂತರದ ಶರಣಪರಂಪರೆ

ಸಂಕಟ ಒದಗಿದಾಗ ದೇವರನ್ನು ನೆನೆಯದವರು ವಿರಳ. ಸಂಕಟವು ಪರಿಹಾರವಾಗದೆ ಉಳಿದಾಗಲೂ ಆತನನ್ನೇ ನೆಚ್ಚಿ ನಿಲ್ಲುವವರು ಅದಕ್ಕಿಂತಲೂ ವಿರಳ. ಭಗವಂತನು ನಂಬಿದವರ ಕೈಬಿಡುವುದಿಲ್ಲವೆಂದು ನಾವು ನಿತ್ಯವೂ ಹೇಳುತ್ತೇವೆ. ಆದರೆ ಈ ಮಾತಿನ ಅರ್ಥವೇನು? ನಂಬಿದವನಿಗೆ ಕಷ್ಟವೇ ಬಾರದೆಂದೇ? ಬಂದರೂ ಬೇಗನೆ ತೊಲಗುವುದೆಂದೇ? ಹಾಗೆಂದು ಅರ್ಥಮಾಡಿದರೆ ಹನ್ನೆರಡನೆಯ ಶತಮಾನದ ಶರಣರ ಚರಿತ್ರೆಯು ನಮ್ಮೆದುರು ಒಂದು ದೊಡ್ಡ ಪ್ರಶ್ನೆಯಾಗಿ ನಿಲ್ಲುತ್ತದೆ. ಅವರಿಗಿಂತ ಮಿಗಿಲಾಗಿ ಶಿವನನ್ನು ನಂಬಿದವರು ಕನ್ನಡನಾಡಿನಲ್ಲಿ ಯಾರಿದ್ದರು? ಅವರಿಗೊದಗಿದ ವಿಪತ್ತಾದರೂ ಸಾಮಾನ್ಯವಾದುದೇ? ಆ ವಿಪತ್ತನ್ನೂ ಅದರ ನಂತರ ನಡೆದುದನ್ನೂ ಚರಿತ್ರೆಯ ಆಧಾರದಿಂದ ಪರಾಮರ್ಶಿಸಿ, ಶರಣರು ಯಾವುದನ್ನು ನಂಬಿಕೆಯೆಂದು ಬಗೆದಿದ್ದರು ಎಂಬುದನ್ನು ಅರಿಯುವುದೇ ಈ ಲೇಖನದ ಉದ್ದೇಶ.

ಕಲಚುರಿ ಬಿಜ್ಜಳನು ಚಾಲುಕ್ಯ ಸಿಂಹಾಸನವನ್ನು ಆಕ್ರಮಿಸಿ ಕಲ್ಯಾಣದಿಂದ ಆಳುತ್ತಿದ್ದ ಕಾಲದಲ್ಲಿ ಬಸವಣ್ಣನವರು ಅಲ್ಲಿ ಭಂಡಾರಿಗಳಾಗಿದ್ದರು. ನಾನಾ ಕಾಯಕದ, ನಾನಾ ಕುಲದ ಸ್ತ್ರೀಪುರುಷರು ಅವರನ್ನು ಅರಸಿ ಬಂದರು. ಮಡಿವಾಳ, ಅಂಬಿಗ, ಸಮಗಾರ, ಡೋಹರ, ಬ್ರಾಹ್ಮಣ ಎಂಬ ಭೇದವನ್ನು ಮೀರಿದ ಒಂದು ಶರಣಸಮೂಹ ಅಲ್ಲಿ ರೂಪುಗೊಂಡಿತು. ಸಮಗಾರ ಹರಳಯ್ಯನ ಮನೆಗೂ ಬ್ರಾಹ್ಮಣ ಮೂಲದ ಮಧುವರಸನ ಮನೆಗೂ ವಿವಾಹಸಂಬಂಧ ನಡೆದುದು, ಅದು ಕಾರಣವಾಗಿ ಅವರಿಬ್ಬರೂ ಘೋರವಾದ ರಾಜದಂಡನೆಗೆ ಗುರಿಯಾದುದು ನಮ್ಮ ಪರಂಪರೆ ಕಣ್ಣೀರಿನೊಡನೆ ಹೇಳುತ್ತ ಬಂದಿರುವ ಸಂಗತಿ. ಬಿಜ್ಜಳನ ಅಂತ್ಯವನ್ನು ಕುರಿತು ವೀರಶೈವ ಪುರಾಣಗಳೂ ಜೈನ ಕಾವ್ಯವೂ ಬೇರೆ ಬೇರೆ ಕಥೆಗಳನ್ನು ಹೇಳುತ್ತವೆ. ಶಾಸನಗಳಿಂದ ನಮಗೆ ತಿಳಿಯುವುದಿಷ್ಟು : 1167–68ರ ಸುಮಾರಿಗೆ ಆತನ ಮಗ ಸೋವಿದೇವನ ಆಳ್ವಿಕೆ ಮೊದಲಾಯಿತು. ಆ ಶತಮಾನ ಮುಗಿಯುವ ಮೊದಲೇ ಕಲಚುರಿಗಳೂ ಅಳಿದರು, ಮರಳಿ ಬಂದ ಚಾಲುಕ್ಯರೂ ಅಳಿದರು. ಅವರ ನಾಡು ಸೇವುಣರಿಗೂ ಹೊಯ್ಸಳರಿಗೂ ಹಂಚಿಹೋಯಿತು.

ಈ ಕ್ಷೋಭೆಯಲ್ಲಿ ಶರಣಸಮೂಹ ಚದುರಿತು. ಬಸವಣ್ಣನವರು ಕೃಷ್ಣಾ ಮಲಪ್ರಭೆಗಳು ಕೂಡುವ ಕೂಡಲಸಂಗಮದಲ್ಲಿ ಐಕ್ಯರಾದರು. ಅಲ್ಲಮಪ್ರಭುವೂ ಅಕ್ಕಮಹಾದೇವಿಯೂ ಶ್ರೀಶೈಲದ ಕದಳಿಯಲ್ಲಿ ಬಯಲಾದರೆಂದು ಪರಂಪರೆ ನಂಬುತ್ತದೆ. ಚೆನ್ನಬಸವಣ್ಣನವರೊಡನೆ ಹೊರಟ ತಂಡ ನೂರಾರು ಮೈಲಿ ನಡೆದು ಸಹ್ಯಾದ್ರಿಯ ಕಾಡಿನ ನಡುವಣ ಉಳವಿಯನ್ನು ಸೇರಿತು. ಆ ದಾರಿಯನ್ನು ಇಂದಿಗೂ ಶರಣರ ನೆಲೆಗಳಿಂದಲೇ ಗುರುತಿಸಬಹುದು. ಡೋಹರ ಕಕ್ಕಯ್ಯನ ಹೆಸರಿನೊಡನೆ ಕಕ್ಕೇರಿ ಉಳಿದಿದೆ. ಗಂಗಾಂಬಿಕೆಯ ಹೆಸರಿನೊಡನೆ ಮಲಪ್ರಭೆಯ ತಡಿಯ ಮುಗುಟಖಾನ ಹುಬ್ಬಳ್ಳಿ ಉಳಿದಿದೆ. ಈ ಊರುಗಳ ಗದ್ದುಗೆಗಳು ವಿಜಯದ ಸ್ಮಾರಕಗಳಲ್ಲ. ದಾರಿಯಲ್ಲಿ ಬಿದ್ದವರ ನೆನಪುಗಳು.

ಲೌಕಿಕ ದೃಷ್ಟಿಯಿಂದ ನೋಡಿದರೆ ಇದು ಸೋಲು. ಊರು ಹೋಯಿತು, ಆಶ್ರಯ ಹೋಯಿತು, ನಾಯಕರು ಹೋದರು. ಹಾಗಾದರೆ ಕೂಡಲಸಂಗಮದೇವನು ತನ್ನ ಶರಣರ ಕೈಬಿಟ್ಟನೇ? ಈ ಪ್ರಶ್ನೆಯನ್ನು ಕೇಳಲು ಭಕ್ತರಾದ ನಾವು ಅಂಜಬೇಕಾಗಿಲ್ಲ. ವಚನಕಾರರೇ ಇದನ್ನು ಬಗೆಬಗೆಯಾಗಿ ಕೇಳಿದ್ದಾರೆ. ಬಸವಣ್ಣನವರ ಭಕ್ತಸ್ಥಲದ ವಚನಗಳನ್ನು ಓದಿದವರಿಗೆ ಅವರ ಮೊರೆ, ಅಳಲು, ಕೋಪ, ದೈನ್ಯ ಇವೆಲ್ಲ ಪರಿಚಿತವಾಗಿಯೇ ಇವೆ. ತನ್ನ ದೇವನೊಡನೆ ಜಗಳವಾಡುವಷ್ಟು ಸಲುಗೆ ಅವರಿಗಿತ್ತು. ದೂರುವುದು ಅವಿಶ್ವಾಸವಲ್ಲ, ಇಲ್ಲದವನನ್ನು ಯಾರೂ ದೂರುವುದಿಲ್ಲ.

ಇಲ್ಲಿ ಷಟ್‌ಸ್ಥಲ ಸಿದ್ಧಾಂತದ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆರು ಸ್ಥಲಗಳಿಗೂ ಆರು ಬಗೆಯ ಭಕ್ತಿಯನ್ನು ನಮ್ಮ ಶಾಸ್ತ್ರಕಾರರು ಹೇಳಿದ್ದಾರೆ. ಭಕ್ತನದು ಶ್ರದ್ಧಾಭಕ್ತಿ, ಮಾಹೇಶ್ವರನದು ನಿಷ್ಠಾಭಕ್ತಿ, ಪ್ರಸಾದಿಯದು ಅವಧಾನಭಕ್ತಿ, ಪ್ರಾಣಲಿಂಗಿಯದು ಅನುಭಾವಭಕ್ತಿ, ಶರಣನದು ಆನಂದಭಕ್ತಿ, ಐಕ್ಯನದು ಸಮರಸಭಕ್ತಿ. ಶ್ರದ್ಧೆಗೂ ನಿಷ್ಠೆಗೂ ಇರುವ ಅಂತರವೇನು? ಶ್ರದ್ಧೆ ಎಂದರೆ ಒಲವಿನಿಂದ ಒಪ್ಪಿಕೊಳ್ಳುವುದು. ಅದು ಸುಖದಲ್ಲಿಯೂ ಹುಟ್ಟಬಹುದು. ನಿಷ್ಠೆ ಎಂದರೆ ಒಪ್ಪಿಕೊಂಡುದನ್ನು ಬಿಡದಿರುವುದು. ಬಿಡುವ ಸಂದರ್ಭವೊಂದು ಎದುರಾಗದೆ ಬಿಡದಿರುವುದಕ್ಕೆ ಅರ್ಥವಿಲ್ಲ. ಆದ್ದರಿಂದಲೇ ಮಾಹೇಶ್ವರಸ್ಥಲದ ವಚನಗಳಲ್ಲಿ ಛಲ, ವ್ರತ, ವೀರ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕಷ್ಟವು ಭಕ್ತಿಮಾರ್ಗದಲ್ಲಿ ಆಕಸ್ಮಿಕವಾಗಿ ಬಂದ ವಿಘ್ನವಲ್ಲ. ಶ್ರದ್ಧೆಯು ನಿಷ್ಠೆಯಾಗಿ ಬಲಿಯುವ ಎಡೆ. ಮೊದಲನೆಯ ಮೆಟ್ಟಿಲಿನಿಂದ ಎರಡನೆಯದಕ್ಕೆ ಏರಬೇಕಾದವನು ಆ ಎಡೆಯನ್ನು ದಾಟಲೇಬೇಕು.

ಅಕ್ಕಮಹಾದೇವಿಯವರು ಒಂದು ವಚನದಲ್ಲಿ ಗಂಧ, ಬಂಗಾರ, ಕಬ್ಬುಗಳ ಉಪಮೆಗಳನ್ನು ತರುವುದನ್ನು ಸಾಹಿತ್ಯ ವಿದ್ಯಾರ್ಥಿಗಳು ಬಲ್ಲರು. ಕೊರಡನ್ನು ತೇಯುವುದು, ಲೋಹವನ್ನು ಕಾಸುವುದು, ಜಲ್ಲೆಯನ್ನು ಅರೆಯುವುದು ಇವು ಮೂರೂ ಆ ಆ ವಸ್ತುಗಳಿಗೆ ನೋವೇ. ಆದರೆ ನೋವಿನಿಂದ ಅವುಗಳ ಗುಣ ಕೆಡುವುದಿಲ್ಲ ಎಂಬುದು ಅಲ್ಲಿಯ ಇಂಗಿತ. ಆ ವಚನದಲ್ಲಿ ಅಕ್ಕ ತನ್ನ ಕಷ್ಟವನ್ನು ನಿವಾರಿಸೆಂದು ಚೆನ್ನಮಲ್ಲಿಕಾರ್ಜುನನನ್ನು ಬೇಡುವುದಿಲ್ಲ. ತಾನು ಶರಣುಹೋಗುವುದನ್ನು ಬಿಡೆನೆಂದು ಆತನಿಗೇ ಸವಾಲು ಹಾಕುತ್ತಾಳೆ. ಶರಣಸತಿ ಲಿಂಗಪತಿ ಭಾವದಲ್ಲಿ ಇದು ಸಹಜವೇ ಆಗಿದೆ. ಸತಿಯಾದವಳು ಪತಿಯು ಕೊಡುವ ಒಡವೆಯನ್ನು ಲೆಕ್ಕವಿಟ್ಟು ಒಲಿಯುವವಳಲ್ಲ.

ಇದು ಶರಣರ ಪಕ್ಷದ ನಿಷ್ಠೆಯಾಯಿತು. ದೇವರ ಪಕ್ಷದ ನಿಷ್ಠೆ ಯಾವುದು? ಆತನು ಕೊಟ್ಟ ಮಾತಿಗೆ ತಪ್ಪಲಿಲ್ಲವೆಂಬುದಕ್ಕೆ ಚರಿತ್ರೆಯಲ್ಲಿ ಏನು ಸಾಕ್ಷಿ? ಪವಾಡಗಳನ್ನು ಇಲ್ಲಿ ಮುಂದಿಡುವುದು ಸುಲಭ. ಆದರೆ ಅದರ ಅವಶ್ಯಕತೆಯಿಲ್ಲ. ಮೂರು ಸಂಗತಿಗಳನ್ನು ನೋಡಿದರೆ ಸಾಕು.

ಮೊದಲನೆಯದು ಇಷ್ಟಲಿಂಗ. ದೇವರು ಗುಡಿಯಲ್ಲಿ ಮಾತ್ರ ಇರುವನೆಂದು ನಂಬಿದವನಿಗೆ ಗುಡಿ ಬಿದ್ದರೆ ದೇವರೂ ಹೋದಂತೆ; ಊರು ಬಿಟ್ಟರೆ ದೇವರನ್ನೂ ಬಿಟ್ಟಂತೆ. ಶರಣರಿಗೆ ಆ ಭಯವಿರಲಿಲ್ಲ. ಸ್ಥಾವರಕ್ಕೆ ಅಳಿವುಂಟು, ಜಂಗಮಕ್ಕೆ ಅಳಿವಿಲ್ಲವೆಂಬ ಬಸವಣ್ಣನವರ ಸಿದ್ಧಾಂತವನ್ನು ನಾವು ತತ್ತ್ವವಾಗಿ ಬೋಧಿಸುತ್ತೇವೆ. ಕಲ್ಯಾಣವನ್ನು ಬಿಟ್ಟು ಹೊರಟವರಿಗೆ ಅದು ಬದುಕಿನ ಆಸರೆಯೇ ಆಗಿದ್ದಿತು. ಅವರು ಅರಮನೆಯನ್ನೂ ಮಹಾಮನೆಯನ್ನೂ ಹಿಂದೆ ಬಿಟ್ಟರು. ಎದೆಯ ಮೇಲಣ ಲಿಂಗ ಅವರೊಡನೆಯೇ ನಡೆಯಿತು. ಉಳವಿಯ ಕಾಡಿನಲ್ಲಿಯೂ ಕರಸ್ಥಲವೇ ಗರ್ಭಗುಡಿಯಾಯಿತು. ದೇವರು ಕೈಬಿಡಲಿಲ್ಲವೆಂಬ ಮಾತು ಇಲ್ಲಿ ಅಕ್ಷರಶಃ ಸತ್ಯ.

ಎರಡನೆಯದು ಕಾಯಕ ಮತ್ತು ದಾಸೋಹ. ನಾಳಿನ ಚಿಂತೆಯಿಂದ ಕೂಡಿಡುವುದನ್ನು ಶರಣರು ಅವಿಶ್ವಾಸದ ಲಕ್ಷಣವೆಂದು ತಿಳಿದರು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದು ಆಸೆಯೆಂದು ಆಕ್ಷೇಪಿಸಿ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದವಳು ಅವನ ಮಡದಿ ಲಕ್ಕಮ್ಮ. ಕಣಜ ತುಂಬಿದ ಮನೆಯ ಮಾತಲ್ಲ ಇದು. ಅಂಗಳದಲ್ಲಿ ಚೆಲ್ಲಿದ ಕಾಳನ್ನು ಆಯುವ ಬಡವರ ಮನೆಯ ಮಾತು. ನಂಬಿಕೆಯೆಂಬುದು ಉಳ್ಳವರ ವಿಲಾಸವಲ್ಲವೆಂಬುದಕ್ಕೆ ಬೇರೆ ದೃಷ್ಟಾಂತ ಬೇಕೇ? ಆದರೆ ಲಕ್ಕಮ್ಮನ ನಂಬಿಕೆ ಕೈಕಟ್ಟಿ ಕೂಡುವ ದೈವವಾದವೂ ಅಲ್ಲ. ಕಾಯಕ ನಿಂತಾಗ ಗಂಡನನ್ನು ಎಚ್ಚರಿಸಿ ಕಳುಹಿದವಳೂ ಅವಳೇ. ದುಡಿಮೆಯನ್ನು ತಾನು ಮಾಡಿ, ಫಲವನ್ನು ಲಿಂಗಕ್ಕೆ ಬಿಟ್ಟು, ಬಂದುದನ್ನು ಜಂಗಮದೊಡನೆ ಹಂಚಿಕೊಳ್ಳುವುದು ಅವಳು ನಡೆದು ತೋರಿದ ದಾರಿ. ಒಬ್ಬನ ಕಷ್ಟಕಾಲದಲ್ಲಿ ದೇವರ ಕರುಣೆ ಮತ್ತೊಬ್ಬನ ದಾಸೋಹದ ರೂಪದಲ್ಲಿಯೇ ಬರುತ್ತದೆ. ಆ ಪರಂಪರೆ ಮುಂದೆ ಮಠಗಳ ದಾಸೋಹವಾಗಿ ಬೆಳೆಯಿತು. 1941ರಿಂದ 2019ರವರೆಗೆ ಸಿದ್ಧಗಂಗಾ ಮಠವನ್ನು ನಡೆಸಿದ ಶ್ರೀ ಶಿವಕುಮಾರ ಸ್ವಾಮಿಗಳವರ ಕಾಲದಲ್ಲಿ ಜಾತಿಮತಗಳ ಭೇದವಿಲ್ಲದೆ ಸಾವಿರಾರು ಬಡಮಕ್ಕಳು ಅಲ್ಲಿ ಉಂಡು ಕಲಿತುದನ್ನು ನಾಡು ಕಂಡಿದೆ.

ಮೂರನೆಯದು ವಚನವಾಙ್ಮಯ. ಅರಸರ ಪ್ರಶಸ್ತಿಯನ್ನು ಕಲ್ಲಿನಲ್ಲಿ ಕೊರೆಯಲಾಗುತ್ತಿತ್ತು. ಶರಣರ ಮಾತು ಓಲೆಗರಿಯಲ್ಲಿಯೂ ನಾಲಗೆಯ ಮೇಲೂ ಉಳಿಯಬೇಕಾಗಿದ್ದಿತು. ಗರಿ ಗೆದ್ದಲಿಗೂ ಬೆಂಕಿಗೂ ಆಹಾರ. ಹಾಗಿದ್ದರೂ ಆ ಮಾತು ಅಳಿಯಲಿಲ್ಲ. ಕಲ್ಯಾಣ ಚದುರಿದ ಸುಮಾರು ತೊಂಬತ್ತು ವರ್ಷಗಳ ಮೇಲೆ, 1260ರಲ್ಲಿ, ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ ಶಾಸನ ಬಸವಣ್ಣನವರ ಹೆಸರನ್ನು ಗೌರವದಿಂದ ಸ್ಮರಿಸಿತು. ಹರಿಹರನು ರಗಳೆಯಲ್ಲಿ, ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ, ಭೀಮಕವಿಯು 1369ರಲ್ಲಿ ಮತ್ತೆ ಕನ್ನಡದಲ್ಲಿ ಅವರ ಕಥೆಯನ್ನು ಹಾಡಿದರು. ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ (1424–1446) ಲಕ್ಕಣ್ಣ ದಂಡೇಶ, ಜಕ್ಕಣಾರ್ಯ, ಚಾಮರಸರಂತಹವರು ಶರಣಧರ್ಮವನ್ನು ಗ್ರಂಥಸ್ಥಗೊಳಿಸಿದರು. ನೂರೊಂದು ವಿರಕ್ತರೆಂದು ಪ್ರಸಿದ್ಧರಾದವರು ವಚನಗಳನ್ನು ಅರಸಿ, ಸ್ಥಲಕಟ್ಟಿಗೆ ಅಳವಡಿಸಿದರು. ಶಿವಗಣಪ್ರಸಾದಿ ಮಹಾದೇವಯ್ಯನು ಶೂನ್ಯಸಂಪಾದನೆಯನ್ನು ಸಂಪಾದಿಸಿದನು. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣಾರ್ಯರು ಅದನ್ನು ಪರಿಷ್ಕರಿಸುತ್ತ ಹೋದರು. ಎಡೆಯೂರಿನ ತೋಂಟದ ಸಿದ್ಧಲಿಂಗೇಶ್ವರರು ತಾವೇ 701 ವಚನಗಳ ಷಟ್‌ಸ್ಥಲಜ್ಞಾನಸಾರಾಮೃತವನ್ನು ರಚಿಸಿ, ಬತ್ತಿಹೋಗುತ್ತಿದ್ದ ಪ್ರವಾಹಕ್ಕೆ ಹೊಸ ನೀರನ್ನು ಹರಿಸಿದರು.

1565ರಲ್ಲಿ ವಿಜಯನಗರವೂ ಹಾಳಾಯಿತು. ಆ ನಂತರದ ಶತಮಾನಗಳಲ್ಲಿ ಹಳ್ಳಿಗಳ ಮನೆಮನೆಯ ಜಗುಲಿಯ ಮೇಲೆ, ಮಠಗಳ ಮಾಡಗಳಲ್ಲಿ, ಓಲೆಯ ಕಟ್ಟುಗಳು ಪೂಜೆಗೊಳ್ಳುತ್ತ ಉಳಿದವು. ಅದನ್ನು ಓದಬಲ್ಲವರು ಕಡಮೆಯಾದರೂ ಭಸ್ಮ ಧರಿಸಿ ಕೈಮುಗಿಯುವವರು ಕಡಮೆಯಾಗಲಿಲ್ಲ. ಅರ್ಥ ತಿಳಿಯದ ಕಟ್ಟನ್ನು ಕಾಪಾಡುವುದೂ ಒಂದು ನಿಷ್ಠೆಯೇ. ಅವರು ಕಾಪಾಡಿದುದರಿಂದಲೇ ಧಾರವಾಡದಲ್ಲಿ 1880ರಲ್ಲಿ ಹುಟ್ಟಿ ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರಿಗೆ ಸಂಗ್ರಹಿಸಲು ಏನಾದರೂ ದೊರೆಯಿತು. ಅವರ ವಚನಶಾಸ್ತ್ರಸಾರದ ಮೊದಲ ಭಾಗ 1923ರಲ್ಲಿ ಅಚ್ಚಾಯಿತು. ಸ್ವಂತ ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. 1964ರಲ್ಲಿ ಲಿಂಗೈಕ್ಯರಾಗುವವರೆಗೆ ಬಡತನ ಅವರನ್ನು ಬಿಡಲಿಲ್ಲ. ಅವರೂ ವಚನಗಳನ್ನು ಬಿಡಲಿಲ್ಲ. ಆ ಬುನಾದಿಯ ಮೇಲೆಯೇ ಕರ್ನಾಟಕ ಸರ್ಕಾರವು 1993ರಲ್ಲಿ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯವನ್ನು ಹೊರತರಲು ಸಾಧ್ಯವಾಯಿತು.

ಇಷ್ಟನ್ನು ಹೇಳಿ, ಕೊನೆಗೆ ಎಲ್ಲವೂ ಒಳಿತೇ ಆಯಿತೆಂದು ಮುಗಿಸಿದರೆ ಸತ್ಯಕ್ಕೆ ಅಪಚಾರವಾದೀತು. ಆ ಸಂಪುಟಗಳನ್ನು ತಿರುವಿದವರಿಗೆ ಗೊತ್ತು : ಕೆಲವು ಶರಣಶರಣೆಯರ ಹೆಸರಿನಲ್ಲಿ ಉಳಿದಿರುವುದು ಒಂದೇ ಒಂದು ವಚನ. ಕೆಲವು ಕಡೆ ಅಂಕಿತವಿದೆ, ಅದನ್ನು ಇಟ್ಟವರ ಹೆಸರಿಲ್ಲ. ಹೆಸರೂ ಅಂಕಿತವೂ ಎರಡೂ ಇಲ್ಲದೆ ಹೋದವರೆಷ್ಟೋ. ಹರಳಯ್ಯನ ಮನೆಯ ದುಃಖ ಎಂಟು ಶತಮಾನ ಕಳೆದರೂ ದುಃಖವೇ. ಗ್ರಂಥ ಉಳಿಯಿತೆಂಬುದರಿಂದ ಪ್ರಾಣ ಹೋದುದು ಹಗುರವಾಗುವುದಿಲ್ಲ. ನಮ್ಮ ನಡುವೆಯೇ ಮಗುವನ್ನು ಕಳೆದುಕೊಂಡ ತಾಯಿಗೆ, ಮಳೆಯಿಲ್ಲದೆ ಬೆಳೆ ಒಣಗಿದ ರೈತನಿಗೆ, ದೇವರು ಪರೀಕ್ಷಿಸುತ್ತಿದ್ದಾನೆಂದು ದೂರ ನಿಂತು ಉಪದೇಶಿಸುವುದು ಶರಣಮಾರ್ಗವಲ್ಲ. ಆ ಮಾತನ್ನು ಹೇಳುವ ಅಧಿಕಾರ ನೊಂದವರಿಗೆ ಮಾತ್ರ ಉಂಟು. ಅಕ್ಕ ಅದನ್ನು ತನ್ನನ್ನು ಕುರಿತು ಹೇಳಿಕೊಂಡಳೇ ಹೊರತು ಅನ್ಯರಿಗೆ ಬೋಧಿಸಲಿಲ್ಲ. ಮಿಕ್ಕ ನಮಗೆ ಇರುವುದು ದಾಸೋಹದ ಅಧಿಕಾರ ಮಾತ್ರ.

ಹಾಗಾದರೆ ಭಗವಂತನು ನಂಬಿದವರ ಕೈಬಿಡನೆಂಬ ಮಾತಿಗೆ ಶರಣರ ಚರಿತ್ರೆ ಕೊಡುವ ಅರ್ಥ ಇದು : ಕಷ್ಟವು ಬಾರದೆಂಬ ಭರವಸೆ ಅದಲ್ಲ, ಕಷ್ಟದ ನಡುವೆಯೂ ಸಂಬಂಧ ಕಡಿಯದೆಂಬ ಭರವಸೆ. ಲಿಂಗವು ಅಂಗವನ್ನು ಬಿಡಲಿಲ್ಲ, ದಾಸೋಹದ ಒಲೆ ಆರಲಿಲ್ಲ, ವಚನದ ಎಳೆ ಹರಿಯಲಿಲ್ಲ. ಈ ಮೂರನ್ನೂ ಮುಂದಿನವರಿಗೆ ಒಪ್ಪಿಸಿದವರು ಬಹುಮಟ್ಟಿಗೆ ಹೆಸರಿಲ್ಲದ ಭಕ್ತರು. ಉಳವಿಯ ದಾರಿಯಲ್ಲಿ ಓಲೆಯ ಕಟ್ಟನ್ನು ಹೊತ್ತು ನಡೆದವರಿಗೆ ಅದನ್ನು ಮುಂದೆ ಯಾರು ಓದುವರೆಂಬುದು ತಿಳಿದಿರಲಿಲ್ಲ. ತಿಳಿಯದೆಯೇ ಹೊತ್ತರು. ಇಂದು ಅಚ್ಚಾದ ಪುಟದಲ್ಲಿ ಅದನ್ನು ಓದುತ್ತಿರುವ ನಾವು ಅವರ ನಂಬಿಕೆಗೆ ದೊರೆತ ಉತ್ತರವಾಗಿದ್ದೇವೆ. ಓದಿ ಬದಿಗಿಡದೆ, ನಮ್ಮ ಪಾಲಿನ ಹೊರೆಯನ್ನೂ ಹೊತ್ತು ಮುಂದಿನವರಿಗೆ ಮುಟ್ಟಿಸುವುದು ನಮ್ಮ ಮೇಲಿರುವ ಋಣ.