ಮಹಾವೀರಾಚಾರ್ಯನೂ ಅನೇಕಾವ್ಯಕ್ತ ಗಣಿತವೂ

ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ (ಕ್ರಿ.ಶ. ೮೧೪–೮೭೮) ಕಾಲವನ್ನು ಕನ್ನಡಿಗರು ಕವಿರಾಜಮಾರ್ಗದ ಮೂಲಕ ಚೆನ್ನಾಗಿ ಬಲ್ಲರು. ಅದೇ ಕಾಲದ ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವು ಸಾಹಿತ್ಯಾಭ್ಯಾಸಿಗಳ ಕಣ್ಣಿಗೆ ಅಷ್ಟಾಗಿ ಬಿದ್ದಿಲ್ಲ. ಇದರ ಕರ್ತೃ ಜೈನನಾದ ಮಹಾವೀರಾಚಾರ್ಯನು. ಗ್ರಂಥಾರಂಭದಲ್ಲಿ ಅಮೋಘವರ್ಷನ ಸ್ತುತಿಯುಂಟು. ಅಷ್ಟರಿಂದಲೇ ಆಚಾರ್ಯನು ಆ ರಾಜನ ಆಸ್ಥಾನದಲ್ಲಿದ್ದನೆಂದು ನಿರ್ಣಯಿಸುವುದು ಆತುರವಾದೀತು. ೧೯೧೨ರಲ್ಲಿ ಎಂ. ರಂಗಾಚಾರ್ಯರು ಇದನ್ನು ಆಂಗ್ಲಾನುವಾದಸಹಿತವಾಗಿ ಮದರಾಸಿನಲ್ಲಿ ಪ್ರಕಟಿಸಿದರು.

ಗ್ರಂಥವು ಪಾಟೀಗಣಿತಕ್ಕೆ ಸೇರಿದುದಾದುದರಿಂದ ಇದರಲ್ಲಿ ಬೀಜಗಣಿತದ ಸತ್ತ್ವವಿಲ್ಲವೆಂದು ಎಣಿಸುವುದು ಸುಲಭ. ಮಿಶ್ರಕವ್ಯವಹಾರವನ್ನು ಓದಿದವರಲ್ಲಿ ಈ ಎಣಿಕೆ ನಿಲ್ಲದು. ಅಲ್ಲಿಯ ಒಂದು ಪ್ರಶ್ನೆ ಹೀಗಿದೆ: ೯ ಮಾದಲಹಣ್ಣು, ೭ ಬೇಲದಹಣ್ಣುಗಳ ಒಟ್ಟು ಬೆಲೆ ೧೦೭, ೭ ಮಾದಲ, ೯ ಬೇಲಗಳ ಬೆಲೆ ೧೦೧, ಒಂದೊಂದರ ಬೆಲೆಯೆಷ್ಟು? ದೊಡ್ಡ ಬೆಲೆಯನ್ನು ದೊಡ್ಡ ಸಂಖ್ಯೆಯಿಂದಲೂ ಚಿಕ್ಕ ಬೆಲೆಯನ್ನು ಚಿಕ್ಕ ಸಂಖ್ಯೆಯಿಂದಲೂ ಗುಣಿಸಿ ಕಳೆದರೆ ೯೬೩–೭೦೭, ಎಂದರೆ ೨೫೬. ಸಂಖ್ಯೆಗಳ ವರ್ಗಾಂತರ ೮೧–೪೯, ಎಂದರೆ ೩೨. ಭಾಗಿಸಿದರೆ ಮಾದಲದ ಬೆಲೆ ೮. ಗುಣಕಗಳನ್ನು ತಿರುಗಿಸಿದರೆ ೯೦೯–೭೪೯, ಎಂದರೆ ೧೬೦. ಬೇಲದ ಬೆಲೆ ೫. ಒಂದು ಅವ್ಯಕ್ತವನ್ನು ಲೋಪಗೊಳಿಸಿ ಇನ್ನೊಂದನ್ನು ಸಾಧಿಸುವ ಕ್ರಮವೇ ಇದು. ಆದರೆ ಸಂಖ್ಯೆಗಳು ಹೀಗೆ ಅದಲುಬದಲಾಗಿರುವಲ್ಲಿ ಮಾತ್ರ ಈ ಸೂತ್ರವು ನಡೆಯತಕ್ಕದ್ದೆಂಬುದನ್ನೂ ಅಭಿಮಾನವನ್ನು ಬದಿಗಿಟ್ಟು ಒಪ್ಪಬೇಕು.

ಇದಕ್ಕಿಂತ ರಮ್ಯವಾದುದು ವರ್ತಕರ ಪ್ರಶ್ನೆ. ಮೂವರು ವರ್ತಕರು ದಾರಿಯಲ್ಲಿ ಹಣದ ಗಂಟೊಂದನ್ನು ಕಂಡರು. ‘ಇದು ನನಗೆ ದೊರೆತರೆ ನಿಮ್ಮಿಬ್ಬರ ಹಣದ ಎರಡರಷ್ಟು ನನ್ನದಾಗುವುದು’ ಎಂದನು ಮೊದಲನೆಯವನು. ಎರಡನೆಯವನು ಮೂರರಷ್ಟೆಂದನು, ಮೂರನೆಯವನು ಐದರಷ್ಟೆಂದನು. ಇದರ ಯುಕ್ತಿಯನ್ನು ಹೀಗೆ ಬಿಡಿಸಬಹುದು. ಗಂಟೂ ಮೂವರ ಕೈಹಣವೂ ಸೇರಿ ಆದ ಸರ್ವಧನವು, ಮೊದಲನೆಯವನ ಮಾತಿನಂತೆ, ಉಳಿದಿಬ್ಬರ ಹಣದ ಮೂರರಷ್ಟು, ಎರಡನೆಯವನ ಮಾತಿನಂತೆ ನಾಲ್ಕರಷ್ಟು, ಮೂರನೆಯವನಂತೆ ಆರರಷ್ಟು. ಸರ್ವಧನವನ್ನು ೧೨ ಎಂದಿಟ್ಟರೆ ಭಿನ್ನ ಬರುವುದರಿಂದ ೨೪ ಎಂದಿಡಲಾಗಿ, ಇಬ್ಬಿಬ್ಬರ ಹಣ ೮, ೬, ೪. ಇವುಗಳ ಮೊತ್ತ ೧೮. ಇದರಲ್ಲಿ ಪ್ರತಿಯೊಬ್ಬನೂ ಎರಡು ಸಲ ಎಣಿಕೆಯಾಗಿರುವನಾದುದರಿಂದ ಮೂವರ ಕೈಹಣ ೯. ಒಬ್ಬೊಬ್ಬನಲ್ಲಿ ೧, ೩, ೫, ಗಂಟಿನಲ್ಲಿ ೧೫.

ಅವ್ಯಕ್ತಗಳು ನಾಲ್ಕು, ಸಮೀಕರಣಗಳು ಮೂರು. ಆದುದರಿಂದ ಇಲ್ಲಿ ಸಿದ್ಧಿಸುವುದು ಪರಸ್ಪರ ಪ್ರಮಾಣವೇ ಹೊರತು ನಿಯತ ಧನವಲ್ಲ. ವರ್ಣಸಂಕೇತಗಳಿಲ್ಲದೆ ಮಾತಿನ ಸೂತ್ರದಿಂದಲೇ ಇದನ್ನು ಸಾಧಿಸಿದುದು ಸಾಮಾನ್ಯವಲ್ಲ.

ಸರ್ವಸಾಧಾರಣವಾದ ವಿಧಿಯು ಇದಕ್ಕೂ ಹಿಂದೆಯೇ, ೬೨೮ರ ಬ್ರಾಹ್ಮಸ್ಫುಟಸಿದ್ಧಾಂತದ ಕುಟ್ಟಕಾಧ್ಯಾಯದಲ್ಲಿದೆ. ಮೊದಲ ವರ್ಣವನ್ನು ಒಂದು ಪಕ್ಷದಲ್ಲಿ ನಿಲ್ಲಿಸಿ, ಉಳಿದುವನ್ನು ಇನ್ನೊಂದಕ್ಕೆ ಸಾಗಿಸಿ, ದೊರೆತ ಮಾನಗಳನ್ನು ಪರಸ್ಪರ ಸಮೀಕರಿಸುವುದೆಂದು ಬ್ರಹ್ಮಗುಪ್ತನ ಮತ. ಹನ್ನೆರಡನೆಯ ಶತಮಾನದಲ್ಲಿ ಭಾಸ್ಕರಾಚಾರ್ಯನು ಯಾವತ್ತಾವತ್, ಕಾಲಕ, ನೀಲಕ, ಪೀತಕಗಳೆಂಬ ಹೆಸರುಗಳಿಂದ ಇದನ್ನು ವಿಸ್ತರಿಸಿದನು. ಅವನ ಬೀಜಗಣಿತದಲ್ಲಿಯೂ ಸಮಧನರಾದ ನಾಲ್ವರ ಪ್ರಶ್ನೆಯುಂಟು: ಅವರಲ್ಲಿ ಕುದುರೆಗಳು ಕ್ರಮವಾಗಿ ೫, ೩, ೬, ೮, ಒಂಟೆಗಳು ೨, ೭, ೪, ೧, ಹೇಸರಗತ್ತೆಗಳು ೮, ೨, ೧, ೩, ಎತ್ತುಗಳು ೭, ೧, ೨, ೧. ಬೆಲೆಗಳು ಕ್ರಮವಾಗಿ ೮೫, ೭೬, ೩೧, ೪. ಒಬ್ಬೊಬ್ಬನ ಧನ ೮೫೩. ಇಲ್ಲಿಯೂ ಸಮೀಕರಣಗಳು ಮೂರೇ. ಬೆಲೆಗಳೆಲ್ಲವನ್ನೂ ಇಮ್ಮಡಿಸಿದರೂ ಉತ್ತರವು ಸರಿಯೇ, ವರ್ತಕರ ಗಂಟಿನಲ್ಲಿರುವಂತೆಯೇ.