ಗಂಟೆಯ ಲೆಕ್ಕ ಬಿಟ್ಟು ಓದಿನ ಲೆಕ್ಕಕ್ಕೆ

ಪರೀಕ್ಷೆ ಹತ್ತಿರ ಬಂದಾಗ ಕಾಲೇಜು ಹುಡುಗರಿಗೆ ಸಿಗುವ ಮೊದಲ ಬುದ್ಧಿಮಾತು ಟೈಂಟೇಬಲ್ ಹಾಕಿಕೊಳ್ಳಿ ಎಂಬುದು. ಬೆಳಗಿನ ಐದಕ್ಕೇ ಏಳಬೇಕು, ದಿನಕ್ಕೆ ಇಷ್ಟು ಗಂಟೆ ಓದಬೇಕು, ಮೊಬೈಲು ಮುಟ್ಟಬಾರದು. ಸತ್ತೇಗಾಲದಿಂದ ಕೊಳ್ಳೇಗಾಲಕ್ಕೆ ದಿನಾ ಬಸ್ಸಿನಲ್ಲಿ ಹೋಗಿಬರುವ, ಮನೆಗೆ ಬಂದರೆ ಹಸು, ಹೊಲ, ರೇಷ್ಮೆ ಹುಳುವಿನ ಕೆಲಸ ಕಾದಿರುವ ಹುಡುಗಿಯ ಕೈಯಲ್ಲಿ ಇಂಥ ಟೈಂಟೇಬಲ್ ಒಂದು ವಾರ ಉಳಿದರೆ ಹೆಚ್ಚು. ಆಮೇಲೆ ನನಗೆ ಶಿಸ್ತಿಲ್ಲ ಎಂದು ಅವಳು ತನ್ನನ್ನೇ ಬೈದುಕೊಳ್ಳುತ್ತಾಳೆ. ಆದರೆ ಓದಿನ ಅಭ್ಯಾಸದ ಬಗ್ಗೆ ಸುಮಾರು ನೂರನಲವತ್ತು ವರ್ಷಗಳಿಂದ ನಡೆದಿರುವ ಸಂಶೋಧನೆಯನ್ನು ಒಟ್ಟಾಗಿ ನೋಡಿದರೆ ತಪ್ಪಿರುವುದು ಅವಳ ಶಿಸ್ತಲ್ಲ, ಬುದ್ಧಿಮಾತಿನ ಕ್ರಮ. ಮೊದಲು ಸರಿಮಾಡಬೇಕಾದದ್ದು ಓದುವ ಬಗೆಯನ್ನು. ಹೊತ್ತಿನ ಹಂಚಿಕೆ ಅದರ ನಂತರದ್ದು.

ಈ ಶಾಸ್ತ್ರ ಶುರುವಾದದ್ದು ಮರೆವಿನ ಅಧ್ಯಯನದಿಂದ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪುಸ್ತಕ ಬರೆದ. ಕಲಿತದ್ದರಲ್ಲಿ ಹೆಚ್ಚು ಪಾಲು ಆರಂಭದಲ್ಲೇ ಜಾರಿಹೋಗುತ್ತದೆ, ಒಂದೇ ಸಲ ಉರುಹೊಡೆಯುವುದಕ್ಕಿಂತ ದಿನಗಳ ಮೇಲೆ ಹಂಚಿ ಓದಿದರೆ ಕಡಿಮೆ ಶ್ರಮದಲ್ಲಿ ಉಳಿಯುತ್ತದೆ ಎಂಬ ಎರಡು ಮಾತೂ ಅದರಲ್ಲಿದ್ದವು. 1917ರಲ್ಲಿ ಅಮೆರಿಕದ ಆರ್ಥರ್ ಗೇಟ್ಸ್ ಶಾಲಾ ಮಕ್ಕಳ ಮೇಲೆ ಪ್ರಯೋಗ ಮಾಡಿ, ಓದಲು ಸಿಕ್ಕ ಸಮಯದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಪುಸ್ತಕದಿಂದ ಕಣ್ಣು ತೆಗೆದು ಒಪ್ಪಿಸುವುದಕ್ಕೆ ಕೊಟ್ಟವರು ಮುಂದಿದ್ದರೆಂದು ತೋರಿಸಿದ. 1939ರಲ್ಲಿ ಹರ್ಬರ್ಟ್ ಸ್ಪಿಟ್ಜರ್ ಅಯೋವಾದ ಆರನೇ ತರಗತಿಯ ಮೂರೂವರೆ ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ ಅದನ್ನೇ ಕಂಡ: ಓದಿದ ಕೂಡಲೇ ಒಂದು ಕಿರುಪರೀಕ್ಷೆ ಕೊಟ್ಟರೆ ಮರೆವು ನಿಧಾನವಾಗುತ್ತದೆ. ಮುಖ್ಯವಾದದ್ದೆಲ್ಲ ಎರಡನೇ ಮಹಾಯುದ್ಧಕ್ಕೆ ಮೊದಲೇ ಗೊತ್ತಾಗಿತ್ತು ಎನ್ನಬಹುದು.

ಆಮೇಲೆ ಈ ಕ್ಷೇತ್ರ ಬೇರೆ ದಾರಿ ಹಿಡಿಯಿತು. 1946ರಲ್ಲಿ ಫ್ರಾನ್ಸಿಸ್ ರಾಬಿನ್ಸನ್ ಪಾಠವನ್ನು ಐದು ಹಂತಗಳಲ್ಲಿ ಓದುವ ಕ್ರಮ ಕೊಟ್ಟ; ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ನೋಟ್ಸ್ ಬರೆಯುವ ಹಾಳೆಗೆ ಹೊಸ ವಿನ್ಯಾಸ ಮಾಡಿದ. ಜೊತೆಗೆ ಪ್ರಶ್ನಾವಳಿಗಳ ಕಾಲ ಬಂತು. ನಮ್ಮ ಕಡೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಎಂ. ವಿ. ಗೋಪಾಲಸ್ವಾಮಿಯವರಿಂದ 1920ರ ದಶಕದಲ್ಲೇ ಮನಶ್ಶಾಸ್ತ್ರ ವಿಭಾಗ ಶುರುವಾಗಿದ್ದರೂ, ಓದಿನ ಅಭ್ಯಾಸ ಎಂಬ ವಿಷಯ ಬೆಳೆದದ್ದು ಹೆಚ್ಚಾಗಿ ಎಂ.ಎಡ್. ಪ್ರಬಂಧಗಳಲ್ಲಿ. ಪಲ್ಸಾನೆ ಮತ್ತು ಶರ್ಮಾ ಅವರ ಪ್ರಶ್ನಾವಳಿಯಂಥದ್ದನ್ನು ಹಂಚಿ, ಅದರ ಅಂಕವನ್ನು ಪರೀಕ್ಷೆಯ ಅಂಕದ ಪಕ್ಕದಲ್ಲಿಟ್ಟು, ಒಳ್ಳೆಯ ಅಭ್ಯಾಸದವರಿಗೆ ಒಳ್ಳೆಯ ಅಂಕ ಎಂದು ತೀರ್ಮಾನಿಸುವ ಪ್ರಬಂಧಗಳಿಗೆ ಕೊರತೆಯಿಲ್ಲ. ಅಭ್ಯಾಸದಿಂದ ಅಂಕ ಬಂತೋ, ಅಂಕ ಬರುವ ಮಕ್ಕಳು ಒಳ್ಳೆಯ ಅಭ್ಯಾಸಕ್ಕೇ ಟಿಕ್ ಹಾಕುತ್ತಾರೋ ಎಂಬುದು ಇದರಿಂದ ತಿಳಿಯುವುದಿಲ್ಲ.

ಹಳೆಯ ಪ್ರಯೋಗದ ದಾರಿ ಮತ್ತೆ ತೆರೆದದ್ದು 2006ರಲ್ಲಿ. ರೋಡಿಗರ್ ಮತ್ತು ಕಾರ್ಪಿಕೆ ಕಾಲೇಜು ವಿದ್ಯಾರ್ಥಿಗಳಿಗೆ ಸಣ್ಣ ಗದ್ಯಭಾಗ ಕೊಟ್ಟರು. ಒಮ್ಮೆ ಓದಿದ ಮೇಲೆ ಕೆಲವರು ಅದನ್ನೇ ಮತ್ತೆ ಓದಿದರು, ಇನ್ನು ಕೆಲವರು ಹಾಳೆ ಮುಚ್ಚಿ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದೆ: ಶೇ. 81, ಬರೆದವರು ಶೇ. 75. ಒಂದು ವಾರ ಬಿಟ್ಟು ಕೇಳಿದಾಗ ಅದು ಅಡಿಮೇಲಾಯಿತು. ಓದಿದವರಲ್ಲಿ ಉಳಿದದ್ದು ಶೇ. 42, ಬರೆದವರಲ್ಲಿ ಶೇ. 56. ರಾತ್ರಿಯೆಲ್ಲ ಓದಿ ಬೆಳಿಗ್ಗೆ ಪಾಸಾಗುವ ವಿದ್ಯೆ ಇಷ್ಟು ಜನಪ್ರಿಯವಾಗಿರುವ ಗುಟ್ಟು ಈ ಅಂಕಿಗಳಲ್ಲೇ ಇದೆ. ಮತ್ತೆ ಓದಿದಾಗ ಸಾಲುಗಳು ಪರಿಚಿತ ಅನ್ನಿಸುತ್ತವೆ, ಪರಿಚಯವನ್ನೇ ನಾವು ತಿಳಿವಳಿಕೆ ಅಂದುಕೊಳ್ಳುತ್ತೇವೆ. 2013ರಲ್ಲಿ ಡನ್‌ಲಾಸ್ಕಿ ಮತ್ತು ಸಂಗಡಿಗರು ಹತ್ತು ಓದಿನ ವಿಧಾನಗಳನ್ನು ಪರಿಶೀಲಿಸಿ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು, ದಿನಗಳ ಮೇಲೆ ಹಂಚಿ ಓದುವುದು ಎಂಬ ಎರಡಕ್ಕೆ ಮಾತ್ರ ಮೇಲಿನ ದರ್ಜೆ ಕೊಟ್ಟರು. ಸಾಲಿನ ಕೆಳಗೆ ಗೆರೆ ಎಳೆಯುವುದು, ಹೈಲೈಟರ್ ಹಚ್ಚುವುದು, ಮತ್ತೆ ಮತ್ತೆ ಓದುವುದು ಕೆಳಗಿನ ದರ್ಜೆಗೆ ಹೋದವು.

ಇವೆಲ್ಲ ಅಮೆರಿಕದ ಹುಡುಗರ ಮೇಲೆ ಮಾಡಿದ ಪ್ರಯೋಗ, ನಮಗೆ ಹೇಗೆ ಅನ್ವಯಿಸುತ್ತದೆ ಎಂದು ಕೇಳಬಹುದು. ಕೇಳಬೇಕಾದದ್ದೇ. ಆದರೆ ಚಿಕ್ಕಲ್ಲೂರು ಜಾತ್ರೆಯಲ್ಲಿ ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರನ್ನು, ಮಾದಪ್ಪನ ಕಥೆ ಹಾಡುವ ದೇವರಗುಡ್ಡರನ್ನು ಕಂಡ ಈ ಸೀಮೆಯವರಿಗೆ ಈ ಮಾತು ಹೊಸದಾಗಬಾರದು. ಮುಖ್ಯ ಹಾಡುಗಾರನ ಹಿಂದೆ ಸೊಲ್ಲಿಗೆ ಸೊಲ್ಲು ಸೇರಿಸುತ್ತಾ, ಕಣ್ಣೆದುರು ಅಕ್ಷರವಿಲ್ಲದೆ, ಪ್ರತಿ ಸಲವೂ ಕಥೆಯನ್ನು ನೆನಪಿನಿಂದಲೇ ಎತ್ತಿ ಹಾಡುತ್ತಾ ಅವರು ಇರುಳಿಡೀ ಸಾಗುವ ಸಾಲುಗಳನ್ನು ಉಳಿಸಿಕೊಂಡು ಬಂದಿದ್ದಾರೆ. ಬಾಯಿಪಾಠ ಎಂದರೆ ಮೂಗುಮುರಿಯುವವರು ಇಲ್ಲೊಂದು ವ್ಯತ್ಯಾಸ ಗಮನಿಸಬೇಕು. ಗೈಡಿನ ಉತ್ತರವನ್ನು ನೋಡುತ್ತಾ ಹತ್ತು ಸಲ ಓದುವುದು ಬೇರೆ, ಗೈಡು ಮುಚ್ಚಿ ಒಪ್ಪಿಸುವುದು ಬೇರೆ. ಗೇಟ್ಸ್ ಅಳೆದದ್ದು ಎರಡನೆಯದನ್ನು.

ಇನ್ನು ಸಮಯದ ಹಂಚಿಕೆ. 1991ರಲ್ಲಿ ಬ್ರಿಟನ್ ಮತ್ತು ಟೆಸ್ಸರ್ ಎಂಬ ಸಂಶೋಧಕರು 90 ವಿದ್ಯಾರ್ಥಿಗಳನ್ನು ನಾಲ್ಕು ವರ್ಷ ಬಿಟ್ಟು ನೋಡಿದಾಗ, ಇಂದು-ಈ ವಾರ ಎಂಬ ಸಣ್ಣ ಯೋಜನೆ ಮಾಡುತ್ತಿದ್ದವರ ಅಂಕ ಚೆನ್ನಾಗಿತ್ತು. ದೂರದ ಯೋಜನೆಗಳಿಗೆ ಅಂಥ ನಂಟು ಕಾಣಲಿಲ್ಲ. ಯೋಜನೆಯ ಅಂದಾಜೂ ನಂಬಿಕೆಗೆ ಅರ್ಹವಲ್ಲ. 1994ರ ಒಂದು ಅಧ್ಯಯನದಲ್ಲಿ ತಮ್ಮ ಪ್ರಬಂಧ 34 ದಿನದಲ್ಲಿ ಮುಗಿಯುತ್ತದೆಂದು ಸರಾಸರಿ ಲೆಕ್ಕ ಹಾಕಿದ ಕೆನಡಾದ ವಿದ್ಯಾರ್ಥಿಗಳಿಗೆ ಹಿಡಿದದ್ದು 55 ದಿನಕ್ಕೂ ಹೆಚ್ಚು. ಇದಕ್ಕಿಂತ ಗಟ್ಟಿಯಾಗಿ ನಿಂತದ್ದು ಪೀಟರ್ ಗಾಲ್ವಿಟ್ಸರ್‌ನ ಕಂಡುಕೊಳ್ಳುವಿಕೆ: ಎಷ್ಟು ಗಂಟೆ ಎನ್ನುವ ಬದಲು ಯಾವಾಗ, ಎಲ್ಲಿ ಎಂದು ಮೊದಲೇ ಕಟ್ಟಿಕೊಂಡರೆ ಕೆಲಸ ನಡೆಯುವ ಸಂಭವ ಹೆಚ್ಚು. ಬಸ್ ಹತ್ತಿ ಕೂತ ಕೂಡಲೇ ನಿನ್ನೆಯ ಪಾಠದ ಐದು ಪ್ರಶ್ನೆಗೆ ಮನಸ್ಸಿನಲ್ಲೇ ಉತ್ತರ ಹೇಳಿಕೊಳ್ಳುವುದು ಇಂಥ ಕಟ್ಟು. ಸೀಟು ಸಿಗದಿದ್ದರೂ ನಡೆಯುತ್ತದೆ, ಪುಸ್ತಕ ಬೇಕಿಲ್ಲವಲ್ಲ.

ರೇಷ್ಮೆ ಬೆಳೆಯುವ ಮನೆಯನ್ನೇ ತೆಗೆದುಕೊಳ್ಳಿ. ಹುಳು ನಾಲ್ಕನೇ ಜ್ವರ (ಪೊರೆ ಕಳಚುವ ನಿದ್ದೆ) ಎದ್ದ ಮೇಲಿನ ಒಂದು ವಾರದಲ್ಲಿ ಇಡೀ ಬೆಳೆಗೆ ಬೇಕಾದ ಸೊಪ್ಪಿನ ಸುಮಾರು ಐದರಲ್ಲಿ ನಾಲ್ಕು ಪಾಲು ಮುಗಿಯುತ್ತದೆ. ಸೊಪ್ಪು ಕೊಯ್ಯುವುದು, ಹಾಕುವುದು, ಹಿಕ್ಕೆ ತೆಗೆಯುವುದು, ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುವುದು, ಮನೆಮಂದಿಯೆಲ್ಲ ಅದರಲ್ಲೇ. ಆ ವಾರ ದಿನಕ್ಕೆ ನಾಲ್ಕು ಗಂಟೆ ಓದು ಎಂಬುದು ಸುಳ್ಳು. ಆದರೆ ಆ ವಾರ ಯಾವಾಗ ಬೀಳುತ್ತದೆ ಎಂಬುದು ಚಾಕಿ ಹುಳು ತಂದ ದಿನವೇ ಮನೆಯವರಿಗೆಲ್ಲ ಗೊತ್ತಿರುತ್ತದೆ. ಹೊಸ ಪಾಠವನ್ನು ಅದರ ಮುಂಚೆಯೇ ಮುಗಿಸಿ, ಆ ವಾರ ಕೈ ಕೆಲಸದಲ್ಲಿದ್ದಾಗ ಬಾಯಲ್ಲಿ ನೆನಪಿಸಿಕೊಳ್ಳುವುದನ್ನಷ್ಟೇ ಇಟ್ಟುಕೊಂಡರೆ ಹಂಚಿ ಓದುವ ನಿಯಮ ತಾನಾಗಿ ಕೂಡಿಬರುತ್ತದೆ.

ಇದು ಬಡ ಮಕ್ಕಳ ತಲೆಯ ಮೇಲೆ ಇನ್ನೊಂದು ಹೊರೆ ಹೊರಿಸಿದಂತಲ್ಲವೇ ಎಂಬ ಆಕ್ಷೇಪ ಹಗುರವಾದದ್ದಲ್ಲ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತಮಿಳುನಾಡಿನ 464 ಕಬ್ಬು ಬೆಳೆಗಾರರು, ಕೈಯಲ್ಲಿ ಕಾಸಿಲ್ಲದ ಕಟಾವಿನ ಮುಂಚಿನ ದಿನಗಳಿಗಿಂತ ಕಟಾವಿನ ನಂತರ ಬುದ್ಧಿಪರೀಕ್ಷೆಗಳಲ್ಲಿ ಚೆನ್ನಾಗಿ ಮಾಡಿದರು. ಅದರ ಲೆಕ್ಕಾಚಾರದ ಬಗ್ಗೆ ತಕರಾರು ಬಂದಿವೆ, ಆದರೂ ಚಿಂತೆ ತುಂಬಿದ ತಲೆಗೆ ಶಿಸ್ತು ಬೋಧಿಸುವುದು ಎಷ್ಟು ಸರಿ ಎಂಬ ಪ್ರಶ್ನೆ ಉಳಿಯುತ್ತದೆ. ಸಮಯ ನಿರ್ವಹಣೆಯ ಅಧ್ಯಯನಗಳನ್ನು ಒಟ್ಟುಗೂಡಿಸಿದ 2021ರ ವಿಶ್ಲೇಷಣೆಯೂ ಅದರಿಂದ ಸಾಧನೆಗಿಂತ ನೆಮ್ಮದಿಗೆ ಹೆಚ್ಚು ಲಾಭ ಎಂದಿತು. ಹಾಗಾಗಿ ಹೊರೆಯ ಒಂದು ಪಾಲನ್ನು ಕಾಲೇಜು ಹೊರಬೇಕು. 2002ರಲ್ಲಿ ಏರಿಯಲಿ ಮತ್ತು ವರ್ಟೆನ್‌ಬ್ರಾಕ್ ಮಾಡಿದ ಪ್ರಯೋಗದಲ್ಲಿ ಮೇಲಿನವರು ಸಮನಾಗಿ ಹಂಚಿಕೊಟ್ಟ ಗಡುವುಗಳಿದ್ದವರು ಎಲ್ಲರಿಗಿಂತ ಚೆನ್ನಾಗಿ ಕೆಲಸ ಮಾಡಿದರು, ತಾವೇ ಗಡುವು ಹಾಕಿಕೊಂಡವರು ನಡುವೆ, ಎಲ್ಲವನ್ನೂ ಕೊನೆಗೆ ಒಪ್ಪಿಸಬಹುದಾಗಿದ್ದವರು ತೀರಾ ಹಿಂದೆ. ಸೆಮಿಸ್ಟರಿನ ಇಂಟರ್ನಲ್ಸ್ ಅಂಕಗಳನ್ನು ಒಂದೆರಡು ದೊಡ್ಡ ಟೆಸ್ಟಿಗೆ ಇಡುವ ಬದಲು ವಾರಕ್ಕೊಂದು ಹತ್ತು ನಿಮಿಷದ ಟೆಸ್ಟಿಗೆ ಹಂಚಿದರೆ, ಹಂಚಿ ಓದುವುದೂ ಪುಸ್ತಕ ಮುಚ್ಚಿ ಬರೆಯುವುದೂ ಯಾರ ಟೈಂಟೇಬಲಿನ ಹಂಗಿಲ್ಲದೆ ನಡೆಯುತ್ತವೆ. ಮೇಷ್ಟ್ರಿಗೆ ತಿದ್ದುವ ಕೆಲಸ ಹೆಚ್ಚುತ್ತದೆ, ನಿಜ. ಪಕ್ಕದವರ ಹಾಳೆಯನ್ನು ಮಕ್ಕಳೇ ತಿದ್ದಿದರೂ ನಡೆದೀತು. ಟೆಸ್ಟು ಮೊದಲ ಪೀರಿಯಡ್‌ನಲ್ಲಿ ಮಾತ್ರ ಬೇಡ, ಹನೂರಿನ ಕಡೆಯ ಹಳ್ಳಿಗಳಿಂದ ಬರುವವರು ಆ ಹೊತ್ತಿಗೆ ಇನ್ನೂ ದಾರಿಯಲ್ಲಿರುತ್ತಾರೆ.