ಹಳೆಯ ಯಂತ್ರಕ್ಕೆ ಹೊಸ ಬುದ್ಧಿ: ಪಿ.ಎಲ್.ಸಿ. ಬಂದ ಬಗೆ

ಕಾರ್ಖಾನೆಯ ಯಂತ್ರಕ್ಕೆ ಎರಡು ಬಗೆಯ ಆಯುಸ್ಸುಂಟು. ಒಂದು ಕಬ್ಬಿಣದ್ದು, ಇನ್ನೊಂದು ತಂತಿಯದು. ಎರಕದ ಕಬ್ಬಿಣದ ಮೈಯುಳ್ಳ ಪ್ರೆಸ್ಸೋ ಮಿಲ್ಲಿಂಗ್ ಯಂತ್ರವೋ ಹೊತ್ತುಹೊತ್ತಿಗೆ ಎಣ್ಣೆ ಕಂಡರೆ, ಅದನ್ನು ನಡೆಸಿದವರು ನಿವೃತ್ತರಾದ ಮೇಲೂ ದುಡಿಯುತ್ತಿರುತ್ತದೆ. ಆದರೆ ಅದಕ್ಕೆ 'ಈಗ ಓಡು, ಈಗ ನಿಲ್ಲು' ಎಂದು ಹೇಳುವ ವಿದ್ಯುತ್ ವ್ಯವಸ್ಥೆ ಬೇಗ ಮುಪ್ಪಾಗುತ್ತದೆ. ಮೈ ಗಟ್ಟಿ, ಬುದ್ಧಿ ಸಡಿಲ ಎಂಬ ಈ ಸ್ಥಿತಿಯಿಂದ ಯಂತ್ರವನ್ನು ಪಾರುಮಾಡಿದ ಪುಟ್ಟ ಪೆಟ್ಟಿಗೆಯೇ ಪ್ರೋಗ್ರಾಮಬಲ್ ಲಾಜಿಕ್ ಕಂಟ್ರೋಲರ್, ಅಂದರೆ ಕಾರ್ಖಾನೆಯವರ ಬಾಯಲ್ಲಿ ಪಿ.ಎಲ್.ಸಿ. ನಮ್ಮ ಸಂಘದ ಅನೇಕ ಮನೆಗಳ ಅನ್ನ ಕಾರ್ಖಾನೆಯ ಗೇಟಿನೊಳಗಿಂದಲೇ ಬಂದದ್ದು. ಆದ್ದರಿಂದ ಈ ಪೆಟ್ಟಿಗೆಯ ಚರಿತ್ರೆ ನಮಗೆ ತೀರ ಪರಕೀಯವೇನಲ್ಲ.

ಮೊದಲಿಗೆ, ಅದಕ್ಕಿಂತ ಹಿಂದೆ ಏನಿತ್ತೆಂಬುದನ್ನು ನೋಡೋಣ. ರಿಲೇ ಎಂಬುದು ಹತ್ತೊಂಬತ್ತನೆಯ ಶತಮಾನದ ತಂತಿ ಸಮಾಚಾರದ ಕಾಲದಿಂದ ಬಂದ ಸಾಧನ. ಸುರುಳಿಯಲ್ಲಿ ವಿದ್ಯುತ್ ಹರಿದಾಗ ಅದು ಅಯಸ್ಕಾಂತವಾಗಿ ಒಂದು ಲೋಹದ ಪಟ್ಟಿಯನ್ನು ಸೆಳೆಯುತ್ತದೆ. ಆಗ ಇನ್ನೊಂದು ಮಂಡಲ ಕೂಡಿಕೊಳ್ಳುತ್ತದೆ, ಇಲ್ಲವೇ ಕಡಿದುಹೋಗುತ್ತದೆ. ಇಷ್ಟೇ ಸಂಗತಿಯಿಂದ ಯಂತ್ರಕ್ಕೆ ತರ್ಕ ಕಲಿಸಬಹುದು. ಎರಡು ಸಂಪರ್ಕಗಳನ್ನು ಒಂದರ ಹಿಂದೊಂದು ಜೋಡಿಸಿದರೆ 'ಇದೂ ಇರಬೇಕು, ಅದೂ ಇರಬೇಕು' ಎಂದರ್ಥ. ಪಕ್ಕಪಕ್ಕದಲ್ಲಿ ಜೋಡಿಸಿದರೆ 'ಇದಾದರೂ ಸರಿ, ಅದಾದರೂ ಸರಿ' ಎಂದರ್ಥ. ಕಾವಲು ಬಾಗಿಲು ಮುಚ್ಚಿದೆಯೇ, ಎಣ್ಣೆಯ ಒತ್ತಡ ಬಂದಿದೆಯೇ, ಕೆಲಸಗಾರನ ಎರಡೂ ಕೈ ಗುಂಡಿಗಳ ಮೇಲಿವೆಯೇ, ಇವೆಲ್ಲ ಸರಿಯಿದ್ದರೆ ಮಾತ್ರ ಪ್ರೆಸ್ ಕೆಳಗಿಳಿಯಲಿ ಎಂದು ರಿಲೇಗಳು ನಿರ್ಣಯಿಸುತ್ತಿದ್ದವು. ದೊಡ್ಡ ಯಂತ್ರವಾದರೆ ಇಂಥ ನೂರಾರು ರಿಲೇಗಳು ಆಳೆತ್ತರದ ಬೀರುವಿನಲ್ಲಿ ಟಕಟಕನೆ ಬಡಿಯುತ್ತ ಕೂತಿರುತ್ತಿದ್ದವು.

ತೊಂದರೆ ಎರಡು ಕಡೆಯಿಂದ ಬರುತ್ತಿತ್ತು. ಬಡಿದು ಬಡಿದು ಸಂಪರ್ಕದ ತುದಿಗಳು ಸುಟ್ಟು ಸವೆಯುತ್ತಿದ್ದವು. ನೂರರಲ್ಲಿ ಕೆಟ್ಟದ್ದೊಂದನ್ನು ಹುಡುಕುವಷ್ಟರಲ್ಲಿ ಪಾಳಿಯೇ ಮುಗಿಯುತ್ತಿತ್ತು. ಇದಕ್ಕಿಂತ ದೊಡ್ಡದು ಎರಡನೆಯದು. ಈ ತರ್ಕವೆಲ್ಲ ಇದ್ದದ್ದು ತಂತಿಯಲ್ಲಿ. ಯಂತ್ರದ ಕೆಲಸ ಸ್ವಲ್ಪ ಬದಲಾದರೂ ತಂತಿಗಳನ್ನು ಬಿಚ್ಚಿ ಹೊಸದಾಗಿ ಕಟ್ಟಬೇಕು. ಅಮೆರಿಕದ ಮೋಟಾರು ಉದ್ಯಮದಲ್ಲಿ ವರ್ಷವರ್ಷವೂ ಮಾದರಿ ಬದಲಾಗುತ್ತಿದ್ದುದರಿಂದ, ಇನ್ನೂ ಗಟ್ಟಿಯಾಗಿದ್ದ ಪ್ಯಾನೆಲುಗಳನ್ನೇ ಗುಜರಿಗೆ ಹಾಕಿ ಹೊಸವನ್ನು ಕಟ್ಟಿಸುವುದು ವಾಡಿಕೆಯಾಗಿತ್ತು.

1968ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯ ಹೈಡ್ರಾಮ್ಯಾಟಿಕ್ ವಿಭಾಗದ ಎಂಜಿನಿಯರುಗಳು ತಮಗೆ ಎಂಥ ಸಾಧನ ಬೇಕೆಂದು ಒಂದು ಪಟ್ಟಿ ಮಾಡಿದರು. ಅದು ರಿಲೇ ಬೀರುವಿಗಿಂತ ಚಿಕ್ಕದಾಗಿರಬೇಕು, ಬೆಲೆಯಲ್ಲಿ ಅದರೊಡನೆ ಪೈಪೋಟಿ ಮಾಡಬೇಕು. ಕಾರ್ಖಾನೆಯ ಧೂಳು, ಬಿಸಿ, ಅದುರುವಿಕೆಯನ್ನು ತಾಳಬೇಕು. ಕೆಟ್ಟ ಭಾಗವನ್ನು ಕಿತ್ತು ಹೊಸದನ್ನು ಸಿಕ್ಕಿಸುವಂತಿರಬೇಕು. ಕಾರ್ಯಕ್ರಮವನ್ನು ಸುಲಭವಾಗಿ, ಸಾಧ್ಯವಾದರೆ ಕಾರ್ಖಾನೆಯೊಳಗೇ, ಬದಲಿಸುವಂತಿರಬೇಕು. ಯಂತ್ರಗಳಲ್ಲಿ ಆಗಲೇ ಇದ್ದ 115 ವೋಲ್ಟಿನ ಸ್ವಿಚ್ಚುಗಳನ್ನೂ ಸೊಲೆನಾಯ್ಡುಗಳನ್ನೂ ಇದಕ್ಕೆ ನೇರವಾಗಿ ಜೋಡಿಸಲು ಬರಬೇಕು. ಕೊನೆಯ ಈ ಷರತ್ತನ್ನು ಗಮನಿಸಬೇಕು. ಇದ್ದ ಯಂತ್ರದ ಮೈಯನ್ನು ಹಾಗೇ ಉಳಿಸಿ ಬುದ್ಧಿಯನ್ನಷ್ಟೇ ಬದಲಿಸುವ ಆಲೋಚನೆ ಪಿ.ಎಲ್.ಸಿ.ಯ ಜನ್ಮದೊಡನೆಯೇ ಬಂದದ್ದು.

ಅದೇ ಹೊತ್ತಿಗೆ ಮ್ಯಾಸಚೂಸೆಟ್ಸ್ ರಾಜ್ಯದ ಬೆಡ್‌ಫರ್ಡ್ ಅಸೋಸಿಯೇಟ್ಸ್ ಎಂಬ ಸಣ್ಣ ಸಂಸ್ಥೆಯಲ್ಲಿ ಡಿಕ್ ಮಾರ್ಲಿ ಎಂಬಾತ ಇಂಥದೇ ಸಾಧನದ ರೂಪರೇಖೆಯನ್ನು 1968ರ ಹೊಸ ವರ್ಷದ ದಿನ ಬರೆದಿಟ್ಟಿದ್ದ. ಸಂಸ್ಥೆಯ 84ನೆಯ ಯೋಜನೆಯಾದ್ದರಿಂದ ಅದಕ್ಕೆ '084' ಎಂಬ ಹೆಸರೇ ನಿಂತಿತು. ಮಾಡ್ಯುಲರ್ ಡಿಜಿಟಲ್ ಕಂಟ್ರೋಲರ್ ಎಂಬುದನ್ನು ಮೊಟಕುಮಾಡಿ ಮಾಡಿಕಾನ್ ಎಂಬ ಕಂಪೆನಿ ಹುಟ್ಟಿತು. 1969ರಲ್ಲಿ ಆ ಪೆಟ್ಟಿಗೆ ಜನರಲ್ ಮೋಟಾರ್ಸ್‌ಗೆ ತಲುಪಿತು. ಮಾರ್ಲಿ 2017ರಲ್ಲಿ ತೀರಿಕೊಂಡ.

ಆ ಕಾಲಕ್ಕೆ ಕಂಪ್ಯೂಟರುಗಳು ಇರಲಿಲ್ಲವೇ ಎಂದು ಓದುಗರು ಕೇಳಬಹುದು. ಇದ್ದವು. ಆದರೆ ಅವುಗಳಿಗೆ ತಂಪಾದ ಕೋಣೆ ಬೇಕು, ಅವುಗಳ ಭಾಷೆ ಬಲ್ಲ ಪಂಡಿತ ಬೇಕು. ರಾತ್ರಿ ಪಾಳಿಯಲ್ಲಿ ಯಂತ್ರ ನಿಂತರೆ ಓಡಿಬರುವವನು ಇಕ್ಕಳ, ಟೆಸ್ಟ್ ಲ್ಯಾಂಪು ಹಿಡಿದ ಎಲೆಕ್ಟ್ರಿಷಿಯನ್. ಅವನಿಗೆ ಗೊತ್ತಿದ್ದುದು ರಿಲೇ ನಕ್ಷೆ: ಎಡಬಲದಲ್ಲಿ ಎರಡು ನೆಟ್ಟ ಗೆರೆ, ನಡುವೆ ಏಣಿಯ ಮೆಟ್ಟಿಲುಗಳಂತೆ ಅಡ್ಡಗೆರೆಗಳು, ಅವುಗಳ ಮೇಲೆ ಸಂಪರ್ಕ, ಸುರುಳಿಗಳ ಗುರುತು. ಹೊಸ ಪೆಟ್ಟಿಗೆಯನ್ನು ಮಾಡಿದವರು ಆ ಏಣಿಯ ನಕ್ಷೆಯನ್ನೇ ಅದರ ಭಾಷೆಯನ್ನಾಗಿ ಮಾಡಿದರು. ಇದೇ ಲ್ಯಾಡರ್. ಕೆಲಸಗಾರನನ್ನು ಶಾಲೆಗೆ ಕಳಿಸುವ ಬದಲು ಯಂತ್ರಕ್ಕೇ ಅವನ ಭಾಷೆ ಕಲಿಸಿದರು. ಪಿ.ಎಲ್.ಸಿ. ಗೆದ್ದದ್ದು ಇಲ್ಲಿ. 1993ರಲ್ಲಿ ಅಂತರರಾಷ್ಟ್ರೀಯ ಮಾನಕ ಐದು ಭಾಷೆಗಳನ್ನು ಹೆಸರಿಸಿದಾಗ ಲ್ಯಾಡರ್ ಅವುಗಳಲ್ಲೊಂದಾಗಿ ಉಳಿಯಿತು.

ಇನ್ನು ನಮ್ಮ ದೇಶಕ್ಕೆ ಬರೋಣ. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಎಚ್.ಎಂ.ಟಿ.ಯ ಯಂತ್ರಗಳು ದೇಶದ ಮೂಲೆಮೂಲೆಯ ಕಾರ್ಖಾನೆಗಳನ್ನು ಸೇರಿದವು. 1991ರ ಸುಧಾರಣೆಗಳವರೆಗೆ ಲೈಸೆನ್ಸು, ವಿದೇಶಿ ವಿನಿಮಯಗಳ ಬಿಗಿಯಿಂದಾಗಿ ಹೊರದೇಶದ ಹೊಸ ಯಂತ್ರ ತರಿಸುವುದು ಸುಲಭದ ಮಾತಾಗಿರಲಿಲ್ಲ. ಇದ್ದುದನ್ನೇ ದುರಸ್ತಿಮಾಡಿ ಬಾಳಿಸುವುದು ನಮಗೆ ಅಭ್ಯಾಸವಾಗಿತ್ತು. ಹೀಗಾಗಿ ಹಳೆಯ ಯಂತ್ರಕ್ಕೆ ಪಿ.ಎಲ್.ಸಿ. ಕೂಡಿಸುವ ಕೆಲಸ ಪೀಣ್ಯದಲ್ಲೂ ಭೋಸರಿಯಲ್ಲೂ ಕೊಯಮತ್ತೂರಿನಲ್ಲೂ ಒಂದು ಕಸುಬೇ ಆಗಿ ಬೆಳೆಯಿತು.

ಆ ಕಸುಬಿಗೂ ಒಂದು ಕ್ರಮವುಂಟು. ಮೊದಲು ಯಂತ್ರದ ಮೈಯನ್ನು ಪರೀಕ್ಷಿಸಬೇಕು. ಬೆಡ್ಡೇ ಸವೆದಿದ್ದರೆ ಹೊಸ ಬುದ್ಧಿಯಿಂದ ಫಲವಿಲ್ಲ. ಆಮೇಲೆ ಒಳಬರುವ ಸಂಕೇತಗಳೆಷ್ಟು, ಹೊರಹೋಗುವ ಆಜ್ಞೆಗಳೆಷ್ಟು ಎಂದು ಎಣಿಸಬೇಕು. ಮೋಟಾರುಗಳ ದೊಡ್ಡ ಕಾಂಟ್ಯಾಕ್ಟರುಗಳು ಹೆಚ್ಚಾಗಿ ಹಾಗೇ ಉಳಿಯುತ್ತವೆ. ತರ್ಕ ನಡೆಸುವ ರಿಲೇಗಳು ಹೋಗುತ್ತವೆ. ತುರ್ತು ನಿಲುಗಡೆಯ ಕೆಂಪು ಗುಂಡಿಯನ್ನು ಮಾತ್ರ ಸಾಮಾನ್ಯ ಪಿ.ಎಲ್.ಸಿ.ಯ ಕಾರ್ಯಕ್ರಮವೊಂದನ್ನೇ ನಂಬಿ ಬಿಡಬಾರದು. ಅದಕ್ಕೆ ಪ್ರತ್ಯೇಕ ತಂತಿಯ ದಾರಿ ಇರಲೇಬೇಕು. ಕೈ ಉಳಿಯುವ ಪ್ರಶ್ನೆ ಅದು.

ಎಲ್ಲಕ್ಕಿಂತ ಕಷ್ಟದ್ದು ನಕ್ಷೆಯಲ್ಲಿಲ್ಲದ್ದನ್ನು ತಿಳಿಯುವುದು. ಇಪ್ಪತ್ತು ಮೂವತ್ತು ವರ್ಷ ದುಡಿದ ಪ್ಯಾನೆಲಿನಲ್ಲಿ ಕಾಗದಕ್ಕೆ ಏರದ ತಂತಿಗಳು ಇದ್ದೇ ಇರುತ್ತವೆ. ಯಾವುದೋ ಪಾಳಿಯಲ್ಲಿ ಯಾರೋ ಎಲೆಕ್ಟ್ರಿಷಿಯನ್ ಒಂದು ಟೈಮರ್ ಸೇರಿಸಿರುತ್ತಾನೆ. ಎಣ್ಣೆ ಬಿಸಿಯಾಗುವ ಮೊದಲೇ ಯಂತ್ರ ಹೊರಟರೆ ಕೆಲಸ ಕೆಡುತ್ತದೆಂಬುದು ಅನುಭವದಿಂದ ಅವನಿಗೆ ಗೊತ್ತು. ಹಳೆಯ ನಕ್ಷೆಯನ್ನಷ್ಟೇ ನೋಡಿ ಹೊಸ ಕಾರ್ಯಕ್ರಮ ಬರೆದರೆ ಆ ತಿಳಿವಳಿಕೆ ತಂತಿಯೊಡನೆ ಗುಜರಿಗೆ ಹೋಗುತ್ತದೆ. ಯಂತ್ರ ಓಡುತ್ತದೆ, ಮಾಲು ಕೆಡುತ್ತದೆ. ಕಾರಣ ಹೇಳಬಲ್ಲವನು ಅಷ್ಟರಲ್ಲಿ ನಿವೃತ್ತನಾಗಿ ಊರಿಗೆ ಹೋಗಿರುತ್ತಾನೆ.

1968ರ ಆ ಪಟ್ಟಿಯನ್ನು ಬರೆದವರೂ ಅದಕ್ಕೆ ಉತ್ತರವಾಗಿ ಪೆಟ್ಟಿಗೆ ಕಟ್ಟಿದವರೂ ಯಂತ್ರದ ಮುಂದೆ ನಿಲ್ಲುವವನನ್ನು ಮರೆಯಲಿಲ್ಲ. ಇಂದು ಅದೇ ಕೆಲಸಕ್ಕೆ ಇಳಿಯುವ ನಮ್ಮ ಹುಡುಗರು, ಹುಡುಗಿಯರು ಲ್ಯಾಪ್‌ಟಾಪ್ ತೆರೆಯುವ ಮುಂಚೆ ಆ ಯಂತ್ರದ ಹಳೆಯ ಮೇಸ್ತ್ರಿಯ ಹತ್ತಿರ ಒಂದು ಗಂಟೆ ಕೂತರೆ, ನಕ್ಷೆಯಲ್ಲಿಲ್ಲದ ತಂತಿಗಳ ಅರ್ಥ ಅವರಿಗೆ ಸಿಕ್ಕೀತು. ಅದನ್ನು ಬರೆದಿಟ್ಟರೆ ಮುಂದಿನವರಿಗೂ ಸಿಕ್ಕೀತು.